ಫೋರ್ಡ್ ಫ್ಯೂಷನ್ ಹೈಬ್ರಿಡ್ 2017: ಬಾಗಿಲ ಪಕ್ಕದ ಐದು ಬಟನ್ ಮತ್ತೆ ನಾನು

ಎಂಜಿನ್ ಎಷ್ಟು ಲೀಟರ್, ಹಾರ್ಸ್‌ಪವರ್ ಎಷ್ಟು ಅಂತೆಲ್ಲ ನಾನು ಬರೆಯಲ್ಲ, ಅದು ಎಲ್ಲಾ ಕಡೆ ಸಿಗುತ್ತೆ, ನೀವೂ ನೋಡಿರ್ತೀರ. ನಾನು ಬರೆಯೋಕೆ ಕೂತಿರೋದು ಡ್ರೈವರ್ ಬಾಗಿಲ ಪಕ್ಕದ ಕಂಬದ ಮೇಲೆ ಇರೋ ಕೀಪ್ಯಾಡ್ ಬಗ್ಗೆ. ಸುಮ್ನೆ ನೋಡಿದ್ರೆ ಅಲ್ಲಿ ಏನೋ ಇದೆ ಅಂತಾನೇ ಗೊತ್ತಾಗಲ್ಲ, ಕಪ್ಪಗೆ ನುಣ್ಣಗೆ ಇರುತ್ತೆ, ಬೆರಳಿಟ್ರೆ ಅಂಕಿಗಳು ಬೆಳಗುತ್ವೆ. ಐದೇ ಜಾಗ, ಒಂದೊಂದರಲ್ಲಿ ಎರಡೆರಡು ಅಂಕಿ: 1-2, 3-4, 5-6, 7-8, 9-0. ಐದು ಅಂಕಿ ಒತ್ತಿದ್ರೆ ಡ್ರೈವರ್ ಬಾಗಿಲು ತೆಗೆಯುತ್ತೆ, ಆಮೇಲೆ ತಕ್ಷಣ 3-4 ಒತ್ತಿದ್ರೆ ಎಲ್ಲಾ ಬಾಗಿಲು, 5-6 ಒತ್ತಿದ್ರೆ ಡಿಕ್ಕಿ. ಲಾಕ್ ಮಾಡೋಕೆ ಕೋಡೂ ಬೇಡ, 7-8 ಮತ್ತೆ 9-0 ಒಟ್ಟಿಗೆ ಒತ್ತಿದ್ರೆ ಮುಗೀತು.

ಕಾರು ತಗೊಳ್ಳುವಾಗ ಇದು ನನ್ನ ಲಿಸ್ಟಲ್ಲೇ ಇರಲಿಲ್ಲ. ಮೂರು ವರ್ಷ ಯಾರೋ ಲೀಸ್‌ಗೆ ಓಡಿಸಿ ವಾಪಸ್ ಕೊಟ್ಟಿದ್ದ ಗಾಡಿ, ನಮ್ಮ ಬಜೆಟ್ ಹದಿನೈದು ಸಾವಿರ ಡಾಲರ್ ಒಳಗೆ, ಹೈಬ್ರಿಡ್ ಆಗಿರ್ಬೇಕು, ಹಿಂದಿನ ಸೀಟಲ್ಲಿ ಊರಿಂದ ಬಂದವ್ರು ಆರಾಮಾಗಿ ಕೂರ್ಬೇಕು, ಅಷ್ಟೇ ಇದ್ದಿದ್ದು ಯೋಚನೆ. ಈಗ ಇಷ್ಟು ವರ್ಷ ಆದ್ಮೇಲೆ ಬೇರೆ ಕಾರು ನೋಡೋಕೆ ಹೋದಾಗೆಲ್ಲ ನನ್ನ ಕೈ ಮೊದಲು ಹೋಗೋದು ಆ ಕಂಬದ ಹತ್ರ.

ನಾವಿರೋದು ಅಮೆರಿಕದ ಮಿಶಿಗನ್‌ನಲ್ಲಿ, ಬೆಳಿಗ್ಗೆ ಇಲ್ಲಿನ ಕೆನ್ಸಿಂಗ್‌ಟನ್ ಪಾರ್ಕಿಗೆ ಹೋಗ್ತೀನಿ, ಕೆರೆ ಸುತ್ತ ವಾಕಿಂಗ್. ನನ್ನ ವಾಕಿಂಗ್ ಪ್ಯಾಂಟಿಗೆ ಜೇಬಿಲ್ಲ. ಕೀ, ಪರ್ಸು, ಫೋನು ಎಲ್ಲಾ ಕಾರೊಳಗೇ ಬಿಟ್ಟು, ಬಾಗಿಲು ಹಾಕಿ, ಆ ಎರಡು ಬಟನ್ ಒತ್ತಿ, ಕೈ ಬೀಸ್ಕೊಂಡು ಹೊರಡ್ತೀನಿ. ಒಳಗೆ ಕೀ ಇದೆ ಅಂತ ಗೊತ್ತಿದ್ರೂ ಕೀಪ್ಯಾಡಿಂದ ಲಾಕ್ ಮಾಡಿದ್ರೆ ಲಾಕ್ ಆಗುತ್ತೆ, ಆಮೇಲೆ ಒಳಗಿರೋ ಕೀ ಕೆಲಸ ಮಾಡಲ್ಲ, ಕೋಡ್ ಒತ್ತಿ ತೆಗೆದ್ರೇನೇ ಮತ್ತೆ ಜೀವ ಬರೋದು. ಬೇಸಿಗೇಲಿ ಮಕ್ಕಳು ನೀರಿಗಿಳಿದಾಗ ದಡದಲ್ಲಿ ಕೀ ಕಾಯ್ತಾ ಕೂರೋ ಕೆಲಸ ಯಾರಿಗೂ ಇಲ್ಲ. ಚಳಿಗಾಲದಲ್ಲಿ ದಪ್ಪ ಗ್ಲೌಸ್ ಹಾಕಿರ್ತೀನಲ್ಲ, ಒಂದು ಕೈಯದ್ದು ಬಾಯಲ್ಲಿ ಕಚ್ಚಿ ತೆಗೆದು ಕೋಡ್ ಒತ್ತೋದು, ಒಳಗೆ ಕೂತ ತಕ್ಷಣ ಸೀಟ್ ಬಿಸಿ ಮಾಡೋ ಬಟನ್ ಒತ್ತೋದು, ಈ ಎರಡೂ ಕಣ್ಣುಮುಚ್ಕೊಂಡೇ ಮಾಡ್ತೀನಿ ಈಗ.

ಆದ್ರೆ ಇದರ ನಿಜವಾದ ಬೆಲೆ ನನಗೆ ಗೊತ್ತಾಗಿದ್ದು ಅಮ್ಮ ಬಂದಾಗ. ತಿಪಟೂರಿಂದ ಬಂದ ಅಮ್ಮ, ಸೀರೆ ಬಿಟ್ಟು ಬೇರೆ ಉಟ್ಟವರಲ್ಲ, ಇಂಗ್ಲಿಷ್ ಬರಲ್ಲ, ಡ್ರೈವಿಂಗ್ ಬರಲ್ಲ. ಇಲ್ಲಿ ಬಂದ್ಮೇಲೆ ಪ್ರತಿಯೊಂದಕ್ಕೂ ಇನ್ನೊಬ್ಬರ ಮುಖ ನೋಡ್ಬೇಕು. ದೇವಸ್ಥಾನದಲ್ಲಿ ಪ್ರಸಾದ ಆದ್ಮೇಲೆ ನಾವು ಎಲ್ಲರ ಜೊತೆ ಮಾತಾಡ್ತಾ ನಿಂತ್ಬಿಡ್ತೀವಿ, ಅವರಿಗೆ ಮಂಡಿ ನೋವು, ಕೂರ್ಬೇಕು, ಆದ್ರೆ ನಾಲ್ಕು ಜನರ ಮಧ್ಯೆ ಬಂದು ಕೀ ಕೊಡು ಅಂತ ಕೇಳೋಕೆ ಸಂಕೋಚ. ಒಂದಿನ ಪಾರ್ಕಿಂಗಲ್ಲಿ ನಾನು ಕೋಡ್ ಒತ್ತಿ ಬಾಗಿಲು ತೆಗೆದಿದ್ದು ನೋಡಿ, "ಇದಕ್ಕೆ ಬೀಗದಕೈ ಬೇಡ್ವೇನೇ?" ಅಂದ್ರು. ಬೇಡಮ್ಮ, ಐದು ನಂಬರ್ ನೆನಪಿಟ್ಕೊಂಡ್ರೆ ಸಾಕು ಅಂದೆ. "ಯಾವ ನಂಬರು?"

ಫ್ಯಾಕ್ಟರಿ ಕೋಡ್ ಬದಲಾಗಲ್ಲ, ಆದ್ರೆ ಅದರ ಜೊತೆಗೆ ನಮ್ಮದೇ ಕೋಡ್ ಸೇರಿಸಬಹುದು: ಫ್ಯಾಕ್ಟರಿ ಕೋಡ್ ಒತ್ತಿ, ಐದು ಸೆಕೆಂಡ್ ಒಳಗೆ 1-2 ಒತ್ತಿ, ಆಮೇಲೆ ನಿಮ್ಮ ಐದು ಅಂಕಿ. ನಾವು ಹಾಕಿದ್ದು ತಿಪಟೂರು ಮನೆಯ ಹಳೇ ಲ್ಯಾಂಡ್‌ಲೈನ್ ನಂಬರ್, ಆಗಿನ್ನೂ ಐದೇ ಅಂಕಿ ಇತ್ತು. ಅಪ್ಪ ಇದ್ದಾಗ ಅಂಗಡಿಯಿಂದ ಮನೆಗೆ ಮಾಡ್ತಿದ್ದ ನಂಬರ್, ಅಮ್ಮನಿಗೆ ಅದು ಮರೆಯೋ ಮಾತೇ ಇಲ್ಲ. ಮುಂದಿನ ಶನಿವಾರ ದೇವಸ್ಥಾನದಲ್ಲಿ ನಾವು ಹುಡುಕ್ತಾ ಬಂದ್ರೆ ಅಮ್ಮ ಕಾರಲ್ಲಿ ಕಾಲು ಚಾಚ್ಕೊಂಡು ಕೂತು ಪುಳಿಯೋಗರೆ ತಿಂತಿದ್ರು. ಈ ದೇಶದಲ್ಲಿ ಯಾರನ್ನೂ ಕೇಳದೆ ಅವರೇ ತೆಗೆದ ಮೊದಲ ಬೀಗ ಅದು. ಆಮೇಲೆ ಅಂಗಡಿ, ಆಸ್ಪತ್ರೆ, ಕನ್ನಡ ಕೂಟದ ಯುಗಾದಿ, ಎಲ್ಲಿ ಹೋದ್ರೂ ಬೇಕಾದಾಗ ಎದ್ದು ಹೋಗಿ ಕೂರ್ತಿದ್ರು, ಯಾರಿಗೂ ಹೇಳೋ ಅಗತ್ಯ ಇರಲಿಲ್ಲ. (ಅಮ್ಮ ಊರಿಗೆ ಹೋದ್ಮೇಲೆ ಕೋಡ್ ಬದಲಾಯಿಸಿ ಆಯ್ತು, ಅದಕ್ಕೇ ಇಲ್ಲಿ ಧೈರ್ಯವಾಗಿ ಬರೀತಿದ್ದೀನಿ.)

ಇದೇನೂ ಹೊಸ ಟೆಕ್ನಾಲಜಿ ಅಲ್ಲ. ಫೋರ್ಡ್ 1980ರ ಮಾಡೆಲ್ ಥಂಡರ್‌ಬರ್ಡ್ ಮತ್ತೆ ಲಿಂಕನ್ ಕಾರುಗಳಲ್ಲೇ ಇದನ್ನ ಕೊಟ್ಟಿತ್ತು, ರಿಮೋಟ್ ಕೀ ಅನ್ನೋದು ಜನ ನೋಡೋಕೂ ಮುಂಚೆ. ಆಮೇಲೆ ರಿಮೋಟ್ ಬಂತು, ಫೋನ್ ಆಪ್ ಬಂತು, ಆದ್ರೂ ಇವ್ರು ಕೀಪ್ಯಾಡ್ ಕೈಬಿಡಲಿಲ್ಲ. ನಾವಿರೋ ಕಡೆ, ಅಂದ್ರೆ ಡೆಟ್ರಾಯ್ಟ್ ಪಶ್ಚಿಮಕ್ಕಿರೋ ಊರುಗಳಲ್ಲಿ, ಪಕ್ಕದ ಮನೆಯವ್ರೋ ಅವರ ಅಪ್ಪನೋ ಯಾರಾದ್ರೂ ಒಬ್ರು ಫೋರ್ಡಲ್ಲಿ ಕೆಲಸ ಮಾಡಿರ್ತಾರೆ, ಎ ಪ್ಲಾನ್, ಎಕ್ಸ್ ಪ್ಲಾನ್ ಅಂತ ಉದ್ಯೋಗಿಗಳಿಗೆ, ಅವರ ಸ್ನೇಹಿತರಿಗೆ ಡಿಸ್ಕೌಂಟ್ ಬೇರೆ ಇದೆ. ಯಾಕೆ ಫೋರ್ಡ್ ಬಿಡಲ್ಲ ಅಂತ ಅವರನ್ನ ಕೇಳಿ ನೋಡಿ, ಎಂಜಿನ್ ಬಗ್ಗೆ ಒಂದು ಮಾತು ಹೇಳಿ, ಆಮೇಲೆ ಕೀಪ್ಯಾಡ್ ಬಗ್ಗೆ ಹತ್ತು ಮಾತು ಹೇಳ್ತಾರೆ.

ಓಡಿಸೋದ್ರ ಬಗ್ಗೆ ಸ್ವಲ್ಪ. ನಿಂತಾಗ, ನಿಧಾನಕ್ಕೆ ಹೋಗುವಾಗ ಬ್ಯಾಟರಿ ಮೇಲೆ ಹೋಗುತ್ತೆ, ಸದ್ದೇ ಇಲ್ಲ. ಬೇಸಿಗೇಲಿ ಗ್ಯಾಲನ್‌ಗೆ ನಲವತ್ತು ಮೈಲಿಯ ಆಸುಪಾಸು ಸಿಗುತ್ತೆ, ಹಿಮ ಬಿದ್ದಾಗ ಇಳಿಯುತ್ತೆ, ಹೈಬ್ರಿಡ್ ಅಂದ್ಮೇಲೆ ಅದು ಇದ್ದಿದ್ದೇ. ಬ್ರೇಕ್ ಹಾಕಿ ನಿಂತ ಮೇಲೆ ಈ ಸಲ ಎಷ್ಟು ಶಕ್ತಿ ಬ್ಯಾಟರಿಗೆ ವಾಪಸ್ ಹೋಯ್ತು ಅಂತ ಶೇಕಡಾ ಲೆಕ್ಕ ತೋರಿಸುತ್ತೆ, ನೂರು ಬಂದ್ರೆ ಹಿಂದಿನ ಸೀಟಿಂದ ಮಗಳು ಚಪ್ಪಾಳೆ ತಟ್ತಾಳೆ, ಹಂಗಾಗಿ ಸಿಗ್ನಲ್ ದೂರದಲ್ಲಿ ಕೆಂಪಾದಾಗಲೇ ಕಾಲು ತೆಗೆಯೋದು ರೂಢಿ ಆಗಿದೆ. ಡಿಕ್ಕಿಯಲ್ಲಿ ಬ್ಯಾಟರಿ ಜಾಗ ತಿನ್ನುತ್ತೆ, ಏರ್‌ಪೋರ್ಟಿಗೆ ಹೋಗುವಾಗ ದೊಡ್ಡ ಸೂಟ್‌ಕೇಸ್ ಎರಡು ಹೋದ್ರೆ ಮೂರನೇದು ಸೀಟ್ ಮೇಲೆ. ನಮಗೆ ಅದು ನಡೆಯುತ್ತೆ.

ಅಮ್ಮನ್ನ ಡಿಯರ್‌ಬಾರ್ನ್‌ನಲ್ಲಿರೋ ಫೋರ್ಡ್‌ನ ರೂಜ್ ಫ್ಯಾಕ್ಟರಿ ಟೂರಿಗೂ ಕರ್ಕೊಂಡು ಹೋಗಿದ್ವಿ. ಹೆನ್ರಿ ಫೋರ್ಡ್ ಮ್ಯೂಸಿಯಂನಿಂದ ಬಸ್ಸಲ್ಲಿ ಕರ್ಕೊಂಡು ಹೋಗ್ತಾರೆ, ಎಫ್-150 ಟ್ರಕ್ ಜೋಡಿಸೋದನ್ನ ಮೇಲಿನ ಕಟ್ಟೆ ಮೇಲೆ ನಡೀತಾ ನೋಡಬಹುದು, ಫ್ಯಾಕ್ಟರಿ ಚಾವಣಿ ಮೇಲೆ ಹತ್ತು ಎಕರೆ ಹಸಿರು ಬೆಳೆಸಿದ್ದಾರೆ, ಅಮ್ಮ ನೋಡಿ ಹತ್ತು ಎಕರೆನಾ ಅಂತ ಎರಡು ಸಲ ಕೇಳಿದ್ರು. ಒಂದು ಕಾಲದಲ್ಲಿ ಈ ಜಾಗಕ್ಕೆ ಒಂದು ಕಡೆಯಿಂದ ಅದಿರು, ಕಲ್ಲಿದ್ದಲು ಹಡಗಲ್ಲಿ ಬರ್ತಿತ್ತು, ಇನ್ನೊಂದು ಕಡೆಯಿಂದ ಕಾರು ಹೊರಗೆ ಹೋಗ್ತಿತ್ತು. ನನಗೆ ಅಲ್ಲಿ ತಲೆಯಲ್ಲಿ ಉಳಿದಿದ್ದು ಬೆಲೆಯ ಲೆಕ್ಕ. 1908ರಲ್ಲಿ ಮಾಡೆಲ್ ಟಿ ಬಂದಾಗ 850 ಡಾಲರ್, 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಫ್ಯಾಕ್ಟರಿಯಲ್ಲಿ ಗಾಡಿಯೇ ಕೆಲಸಗಾರರ ಮುಂದೆ ಚಲಿಸ್ತಾ ಬರೋ ಲೈನ್ ಹಾಕಿದ್ರು, ಹನ್ನೆರಡೂವರೆ ಗಂಟೆ ತಗೊಳ್ತಿದ್ದ ಜೋಡಣೆ ಒಂದೂವರೆ ಗಂಟೆಗೆ ಇಳೀತು, 1920ರ ದಶಕದ ಮಧ್ಯಕ್ಕೆ ಅದೇ ಕಾರಿನ ಕಡಿಮೆ ಬೆಲೆಯ ಮಾಡೆಲ್ 300 ಡಾಲರ್ ಒಳಗೆ. 1914ರಲ್ಲಿ ದಿನಕ್ಕೆ ಐದು ಡಾಲರ್ ಸಂಬಳ ಕೊಡ್ತೀವಿ ಅಂದಾಗ ಅದು ಅಲ್ಲೀತನಕ ಇದ್ದಿದ್ದರ ಎರಡರಷ್ಟು, ಕಾರು ಮಾಡೋನು ಕಾರು ತಗೋಬಹುದು ಅನ್ನೋ ಲೆಕ್ಕ. ಹಂಗಂತ ಎಲ್ಲಾ ಒಳ್ಳೇದೇ ಇತ್ತು ಅಂತಲ್ಲ, ಆ ಐದು ಡಾಲರ್ ಸಿಗ್ಬೇಕಾದ್ರೆ ಕಂಪನಿಯವ್ರು ಮನೆಗೆ ಬಂದು ನೀನು ಕುಡಿತೀಯಾ, ದುಡ್ಡು ಉಳಿಸ್ತೀಯಾ ಅಂತ ವಿಚಾರಿಸ್ತಿದ್ರು, 1937ರಲ್ಲಿ ಇದೇ ರೂಜ್ ಗೇಟ್ ಹತ್ರ ಯೂನಿಯನ್‌ನ ವಾಲ್ಟರ್ ರೂಥರ್ ಮತ್ತೆ ಅವರ ಜೊತೆಯವರನ್ನ ಫೋರ್ಡ್ ಕಡೆಯವ್ರು ಹಿಗ್ಗಾಮುಗ್ಗಾ ಹೊಡೆದಿದ್ರು, ಯೂನಿಯನ್ ಜೊತೆ ಒಪ್ಪಂದಕ್ಕೆ ಸಹಿ ಬಿದ್ದಿದ್ದು 1941ರಲ್ಲಿ. ಇದೆಲ್ಲ ಗೊತ್ತಿದ್ದೂ ಸಾಮಾನ್ಯ ಸಂಬಳದವ್ರಿಗೆ ಕಾರು ಅನ್ನೋ ಆ ಮೊದಲ ಯೋಚನೆ ಮೇಲೆ ನನಗೆ ಗೌರವ ಇದೆ.

ನನ್ನ ಫ್ಯೂಷನ್ ಹುಟ್ಟಿದ ಕಾಲವೂ ಈ ಕಂಪನಿಗೆ ಕಷ್ಟದ್ದೇ. 2006ರಲ್ಲಿ ಬೋಯಿಂಗ್‌ನಿಂದ ಅಲನ್ ಮುಲಾಲಿ ಸಿಇಒ ಆಗಿ ಬಂದು, ಮನೆ ಉಳಿಸೋಕೆ ತಾಳಿ ಸರಾನೂ ಅಡ ಇಡೋ ಹಾಗೆ, ಫ್ಯಾಕ್ಟರಿಗಳ ಜೊತೆ ಆ ನೀಲಿ ಓವಲ್ ಲೋಗೋವನ್ನೂ ಅಡ ಇಟ್ಟು 2,360 ಕೋಟಿ ಡಾಲರ್ ಸಾಲ ಎತ್ತಿದ್ರು. 2009ರಲ್ಲಿ ಜಿಎಂ, ಕ್ರೈಸ್ಲರ್ ಎರಡೂ ದಿವಾಳಿ ಕೋರ್ಟಿಗೆ ಹೋದಾಗ ಫೋರ್ಡ್ ಹೋಗಲಿಲ್ಲ, 2012ರಲ್ಲಿ ಲೋಗೋ ಬಿಡಿಸ್ಕೊಂಡ್ರು. ಅದೇ ವರ್ಷ ಬಂದಿದ್ದು ನನ್ನ ಕಾರಿನ ಈ ಎರಡನೇ ತಲೆಮಾರು. 2014ರಲ್ಲಿ ಅಮೆರಿಕ ಒಂದರಲ್ಲೇ 3 ಲಕ್ಷಕ್ಕೂ ಹೆಚ್ಚು ಫ್ಯೂಷನ್ ಮಾರಾಟ ಆಗಿತ್ತು.

ಇಷ್ಟಾದ್ಮೇಲೆ 2018ರ ಏಪ್ರಿಲ್‌ನಲ್ಲಿ ಇನ್ನು ಉತ್ತರ ಅಮೆರಿಕದಲ್ಲಿ ಸೆಡಾನ್‌ಗಳ ಮುಂದಿನ ತಲೆಮಾರಿಗೆ ದುಡ್ಡು ಹಾಕಲ್ಲ, ಕಾರು ಅಂತ ಮಸ್ಟಾಂಗ್ ಮತ್ತೆ ಫೋಕಸ್ ಆಕ್ಟಿವ್ ಎರಡೇ ಇರುತ್ತೆ, ಉಳಿದಿದ್ದೆಲ್ಲ ಟ್ರಕ್ ಮತ್ತೆ ಎಸ್‌ಯುವಿ ಅಂದ್ರು. 2020ರ ಜುಲೈಗೆ ಫ್ಯೂಷನ್ ನಿಂತೇ ಹೋಯ್ತು. ಇಲ್ಲಿ ನನಗೆ ನಿಜವಾಗ್ಲೂ ಬೇಜಾರಿದೆ. ಲಾಭ ಟ್ರಕ್ಕಲ್ಲಿ ಜಾಸ್ತಿ ಅಂತ ನನಗೂ ಅರ್ಥ ಆಗುತ್ತೆ, ಆದ್ರೆ ಮಂಡಿ ನೋವಿರೋ ಅಮ್ಮಂದಿರು ಬಗ್ಗಿ ಇಳಿಯೋದೂ ಬೇಡ, ಹತ್ತಿ ಏರೋದೂ ಬೇಡ ಅಂತ ಇರೋ ಎತ್ತರದ ಸೀಟು, ತಿಂಗಳ ಕಂತು ಕಟ್ಟೋಕೆ ಆಗೋ ಬೆಲೆ, ಪೆಟ್ರೋಲ್ ಕಡಿಮೆ ಕುಡಿಯೋ ಎಂಜಿನ್, ಇದನ್ನೆಲ್ಲ ಸೇರಿಸಿ ಮಾಡೋದು ಗೊತ್ತಿದ್ದವ್ರೇ ಅದನ್ನ ನಿಲ್ಲಿಸಿಬಿಟ್ರಲ್ಲ. ಇಂಡಿಯಾದಲ್ಲೂ ಹಂಗೇ, 1995ರಲ್ಲಿ ಬಂದು, ಫಿಗೊ, ಇಕೋಸ್ಪೋರ್ಟ್ ಅಂತ ಜನ ಇಷ್ಟಪಟ್ಟ ಗಾಡಿ ಮಾಡಿ, 2021ರ ಸೆಪ್ಟೆಂಬರ್‌ನಲ್ಲಿ ತಯಾರಿಕೆ ನಿಲ್ಲಿಸ್ತೀವಿ ಅಂದ್ರು. ಇಲ್ಲಿ ಮಿಶಿಗನ್ ರೋಡಲ್ಲಿ ಓಡೋ ಇಕೋಸ್ಪೋರ್ಟ್ ಚೆನ್ನೈ ಹತ್ರ ಮಾಡಿ ಹಡಗಲ್ಲಿ ಕಳಿಸಿದ್ದು ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ನಾನು ಸಿಗ್ನಲ್‌ನಲ್ಲಿ ಒಂದನ್ನ ನೋಡಿದ್ರೆ ಈಗಲೂ ಖುಷಿ ಪಡ್ತೀನಿ. ಇಂಡಿಯಾದಲ್ಲಿ ನಿಲ್ಲಿಸ್ತೀವಿ ಅಂದ ದಿನ ಹಾಸನದಿಂದ ಸೋದರಮಾವ ಫೋನ್ ಮಾಡಿ, "ನೀನು ಅವರ ಊರಲ್ಲೇ ಇದೀಯಲ್ಲ, ನನ್ನ ಫಿಗೊಗೆ ಇನ್ಮೇಲೆ ಪಾರ್ಟ್ಸ್ ಗತಿ ಏನಮ್ಮ?" ಅಂತ ಕೇಳಿದ್ರು. ಏನು ಹೇಳೋದು. ಸರ್ವಿಸ್ ಮತ್ತೆ ಪಾರ್ಟ್ಸ್ ಮುಂದುವರಿಸ್ತೀವಿ ಅಂದಿದ್ದಾರೆ ಮಾವ ಅಂತ ಪೇಪರಲ್ಲಿ ಓದಿದ್ದನ್ನೇ ಹೇಳಿದೆ.

ಫೋರ್ಡ್‌ನದೇ ಚಿಕ್ಕ ಟ್ರಕ್ಕು ಮಾವೆರಿಕ್ ನೋಡ್ಬಹುದಲ್ಲ ಅಂತ ಎಲ್ಲರೂ ಹೇಳ್ತಾರೆ. ನೋಡಿದ್ದೀನಿ, ಓಡಿಸಿದ್ದೀನಿ. 2021ರಲ್ಲಿ 19,995 ಡಾಲರ್‌ನಿಂದ ಶುರು, ಹೈಬ್ರಿಡ್ಡೇ ಬೇಸ್ ಮಾಡೆಲ್ ಅಂತ ಬಂದಾಗ ಹೋ ಇದು ಹಳೇ ಫೋರ್ಡ್ ಬುದ್ಧಿ ಅಂತ ಅನ್ಸಿತ್ತು, ಫ್ಯೂಷನ್ ಮಾಡ್ತಿದ್ದ ಮೆಕ್ಸಿಕೋದ ಎರ್ಮೊಸಿಯೊ ಪ್ಲಾಂಟಲ್ಲೇ ಅದನ್ನೂ ಮಾಡೋದು. ಆದ್ರೆ ಬೆಲೆ ಆಮೇಲೆ ವರ್ಷ ವರ್ಷ ಏರ್ತಾ ಹೋಯ್ತು. ಜೊತೆಗೆ ಅದು ಹಿಂದೆ ತೆರೆದಿರೋ ಟ್ರಕ್ಕು, ಸೋನಾ ಮಸೂರಿ ಮೂಟೆ, ತರಕಾರಿ, ಮೊಸರಿನ ಡಬ್ಬ ಇಟ್ಕೊಂಡು ಹಿಮದಲ್ಲಿ ಬರೋಕೆ ಮೇಲೆ ಮುಚ್ಚಳಕ್ಕೆ ಬೇರೆ ದುಡ್ಡು ಹಾಕ್ಬೇಕು. ಮರ ಕೆಲಸ, ತೋಟದ ಕೆಲಸ ಮಾಡೋ ಮನೆಗೆ ಒಳ್ಳೇ ಗಾಡಿ. ನಮ್ಮನೆಗೆ ಅಲ್ಲ.

ಹಂಗಾಗಿ ಸದ್ಯಕ್ಕೆ ಫ್ಯೂಷನ್ ಬಿಡಲ್ಲ, ಹೊಸ ಟೈರ್ ಹಾಕ್ಸಿದ್ದೀನಿ. ಹೈಬ್ರಿಡ್ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1 ಲಕ್ಷ ಮೈಲಿ, ನಮ್ಮದು ಮುಗಿದಿದೆ, ಬ್ಯಾಟರಿ ಇನ್ನೂ ಚೆನ್ನಾಗಿದೆ. ನನಗೆ ಭಯ ಇರೋದು ಉಪ್ಪಿನದ್ದು, ಚಳಿಗಾಲದಲ್ಲಿ ಹಿಮ ಕರಗ್ಲಿ ಅಂತ ರೋಡಿಗೆ ಉಪ್ಪು ಹಾಕ್ತಾರೆ, ಅದರಿಂದ ಗಾಡಿ ಅಡಿಭಾಗ ತುಕ್ಕು ಹಿಡಿಯುತ್ತೆ. ಡೆಟ್ರಾಯ್ಟ್ ಕೆಳಗೆ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ, ನೂರು ವರ್ಷದ ಮೇಲಾಯ್ತು ಅಗೀತಾ, ಈ ಊರು ಮಾಡಿದ ಕಾರುಗಳನ್ನ ಈ ಊರಿನ ಉಪ್ಪೇ ತಿನ್ನುತ್ತೆ. ನವೆಂಬರ್‌ನಿಂದ ಮಾರ್ಚ್ ತನಕ ಬಿಸಿಲು ಬಿದ್ದ ದಿನ ನೋಡ್ಕೊಂಡು ಗಾಡಿ ಅಡಿಭಾಗ ತೊಳಿಯೋ ಕಾರ್ ವಾಷ್‌ಗೆ ಹೋಗ್ತೀನಿ, ತಿಂಗಳಿಗೆ ಇಷ್ಟು ಅಂತ ಪಾಸ್ ಮಾಡಿಸಿದ್ದೀನಿ. ಹಳೇ ಫ್ಯೂಷನ್ ಹೈಬ್ರಿಡ್ ಹುಡುಕ್ತಿರೋರು ಬಣ್ಣ, ಸೀಟು ನೋಡೋಕೂ ಮುಂಚೆ ಗಾಡಿ ಎತ್ತಿಸಿ ಕೆಳಗಡೆ ಬ್ರೇಕ್ ಪೈಪು, ಬಾಗಿಲ ಕೆಳಗಿನ ಪಟ್ಟಿ ನೋಡಿ, ಚಕ್ರದ ಕಮಾನಿನ ಒಳಗೆ ಬೆರಳು ಹಾಕಿ ನೋಡಿ. ಹಿಮ ಕಡಿಮೆ ಇರೋ ಟೆನೆಸಿ, ಜಾರ್ಜಿಯಾ ಕಡೆ ಓಡಿದ ಗಾಡಿ ಸಿಕ್ಕಿದ್ರೆ ಐನೂರು ಡಾಲರ್ ಜಾಸ್ತಿ ಆದ್ರೂ ಪರ್ವಾಗಿಲ್ಲ, ಬಸ್ಸಲ್ಲಾದ್ರೂ ಹೋಗಿ ಓಡಿಸ್ಕೊಂಡು ಬನ್ನಿ.