ಸೈಲೆಂಟ್ ವ್ಯಾಲಿ ಜೀಪ್ ಟ್ರಿಪ್: ಹುಲಿ ನೋಡ್ಬೇಕು ಅನ್ನೋರು ಇದನ್ನ ಓದಿ ಆಮೇಲೆ ಹೊರಡಿ

ಬಂಡೀಪುರ, ಕಬಿನಿ ಸಫಾರಿ ಮಾಡಿ ಅಭ್ಯಾಸ ಇರೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ಕೇರಳದ ಈ ಸೈಲೆಂಟ್ ವ್ಯಾಲಿ ಬೇರೇನೇ ಲೆಕ್ಕ. ಬಂಡೀಪುರದ ಕಡೆ ಎಲೆ ಉದುರೋ ಕಾಡು, ಬೇಸಿಗೇಲಿ ದೂರದವರೆಗೂ ಕಾಣತ್ತೆ, ಕೆರೆ ಹತ್ರ ಕಾದ್ರೆ ಏನಾದ್ರೂ ನೀರಿಗೆ ಬರತ್ತೆ. ಇದು ವರ್ಷಪೂರ್ತಿ ಹಸಿರಾಗೇ ಇರೋ ಮಳೆಕಾಡು, ರಸ್ತೆಯಿಂದ ನಾಕು ಮಾರು ಆಚೆ ಆನೆ ನಿಂತಿದ್ರೂ ಗೊತ್ತಾಗಲ್ಲ. ನಮ್ ಜೀಪಲ್ಲಿದ್ದ ಒಬ್ರು ಹುಲಿ ಎಲ್ಲಿ ಹುಲಿ ಎಲ್ಲಿ ಅಂತ ಗೈಡ್ ತಲೆ ತಿಂದು ತಿಂದು, ವಾಪಸ್ ಬರ್ತಾ ಗೊರಕೆ ಹೊಡೀತಿದ್ರು.

ವ್ಯವಸ್ಥೆ ಹೀಗಿದೆ. ಪಾಲಕ್ಕಾಡ್‌ನಿಂದ ಮಣ್ಣಾರ್ಕಾಡ್ ಮೇಲೆ ಸುಮಾರು 60 ಕಿಮೀ ಹೋದ್ರೆ ಮುಕ್ಕಾಲಿ ಅಂತ ಸಣ್ಣ ಊರು, ಅರಣ್ಯ ಇಲಾಖೆ ಟಿಕೆಟ್ ಕೌಂಟರ್ ಅಲ್ಲೇ. ಸ್ವಂತ ಗಾಡಿ ಒಳಗೆ ಬಿಡಲ್ಲ, ಜೀಪ್ ತಗೊಳ್ಳಬೇಕು, ಜೊತೆಗೆ ಗೈಡ್ ಇರ್ತಾರೆ. ಅಲ್ಲಿಂದ ಸೈರಂಧ್ರಿ ಅನ್ನೋ ಜಾಗಕ್ಕೆ 23 ಕಿಮೀ, ಹೋಗಿ ನೋಡ್ಕೊಂಡು ಬರೋಕೆ ಅರ್ಧ ದಿನ ಬೇಕೇ ಬೇಕು. ರಸ್ತೆ ಬಗ್ಗೆ ಏನೂ ಹೇಳಲ್ಲ, ಸೊಂಟ ನೋವಿರೋರು ಯೋಚ್ನೆ ಮಾಡಿ. ವೀಕೆಂಡ್ ಆದ್ರೆ ಮೊದ್ಲೇ ಬುಕ್ ಮಾಡ್ಕೊಂಡು ಬೆಳಿಗ್ಗೆ ಮೊದಲ ಜೀಪಿಗೇ ಹೋಗಿ, ತಡ ಮಾಡಿದಷ್ಟೂ ಹಕ್ಕಿ ಪ್ರಾಣಿ ಎಲ್ಲಾ ಕಮ್ಮಿ.

ನಾವು ಕೊಯಮತ್ತೂರ್ ಕಡೆಯಿಂದ ಆನಕಟ್ಟಿ ಮೇಲೆ ಬಂದ್ವಿ, ನನ್ ಪ್ರಕಾರ ಅದೇ ಒಳ್ಳೇದು, ಯಾಕಂದ್ರೆ ಆ ದಾರೀಲಿ ಸಿಗೋ ಅಟ್ಟಪ್ಪಾಡಿ ಅನ್ನೋ ಬೆಟ್ಟದ ಪ್ರದೇಶದ ಪೂರ್ವದ ಭಾಗ ಮಳೆ ನೆರಳಲ್ಲಿದೆ (ಬೆಟ್ಟ ಅಡ್ಡ ಇರೋದ್ರಿಂದ ಮಳೆ ಕಮ್ಮಿ), ಕುರುಚಲು ಗಿಡ, ಒಣ ಗುಡ್ಡ, ನೋಡಿದ್ರೆ ನಮ್ ಬಯಲುಸೀಮೆ ಅನ್ಸತ್ತೆ, ಹಾಗೇ ಪಶ್ಚಿಮಕ್ಕೆ ಬರ್ತಾ ಬರ್ತಾ ಹಸಿರು ಜಾಸ್ತಿ ಆಗಿ ಜೀಪ್ ಹತ್ತಿ ಒಳಗೆ ಹೋಗೋಷ್ಟರಲ್ಲಿ ಬಿಸಿಲೇ ನೆಲ ಮುಟ್ಟಲ್ಲ. ಒಂದೇ ದಿನದಲ್ಲಿ ಎರಡೂ ನೋಡಬಹುದು.

ಈ ಟ್ರಿಪ್‌ನ ಅರ್ಧ ಮಜಾ ಗೈಡ್ ಮೇಲೆ ನಿಂತಿದೆ. ಗೈಡ್, ವಾಚರ್‌ಗಳಲ್ಲಿ ಸುಮಾರು ಜನ ಅಲ್ಲಿನ ಮುಡುಗ, ಇರುಳ ಸಮುದಾಯದವ್ರು, ಕಾಡಲ್ಲೇ ಬೆಳೆದವ್ರು. ನಮಗೆ ಸಿಕ್ಕ ಅಣ್ಣ ಮಾತು ಕಮ್ಮಿ, ಮಲಯಾಳಂ ಬಿಟ್ರೆ ಸ್ವಲ್ಪ ತಮಿಳು, ಆದ್ರೆ ಜೀಪ್ ಓಡ್ತಾ ಇರುವಾಗ್ಲೇ ಕೊಂಬೆ ಅಲ್ಲಾಡಿದ್ದು ನೋಡಿ ನಿಲ್ಸಿಬಿಡೋರು. ಹಂಗೇ ಕೆಂಜಳಿಲು (ದೊಡ್ಡ ಕೆಂಪು ಅಳಿಲು) ಸಿಕ್ತು, ಕಪ್ಪು ಮುಸಿಯಗಳು (ನೀಲಗಿರಿ ಲಂಗೂರ್) ಸಿಕ್ವು, ಆಮೇಲೆ ನಾನು ಕಾಯ್ತಿದ್ದ ಸಿಂಗಳೀಕ, ಅದೇ ಸಿಂಹದ ಬಾಲದ ಕೋತಿ. ನಾನು ಶಿರಸಿ ಕಡೆಯವನು, ಅಘನಾಶಿನಿ ಕಣಿವೆ ಕಾಡಲ್ಲೂ ಸಿಂಗಳೀಕ ಇದಾವೆ, ಆದ್ರೆ ಊರಲ್ಲಿ ಇದ್ಕೊಂಡು ಇಷ್ಟು ಹತ್ರದಿಂದ ನೋಡಿರ್ಲಿಲ್ಲ, ನಗು ಬರತ್ತೆ ಹೇಳೋಕೆ. ಒಂದು ಮರದಲ್ಲಿ ಕೊಂಬೆಗೇ ಅಂಟ್ಕೊಂಡು ಮುಳ್ಳು ಮುಳ್ಳಾದ ಕಾಯಿ, ಅದನ್ನ ಬಿಚ್ಚಿ ಬಿಚ್ಚಿ ಬೀಜ ತಿಂತಾ ಸಿಪ್ಪೆ ನಮ್ ಕಡೆಗೇ ಎಸೀತಿದ್ವು. ವೆಡಿಪ್ಲಾವು ಅಂತೆ ಆ ಮರ, ಡುರಿಯನ್ ಹಣ್ಣಿನ ಸಂಬಂಧಿ, ಈ ಭಾಗದಲ್ಲಿ ಸಿಂಗಳೀಕಕ್ಕೆ ಅದೇ ಮುಖ್ಯ ಊಟ.

ಸೈರಂಧ್ರೀಲಿ 30 ಮೀಟರ್ ಎತ್ತರದ ವಾಚ್ ಟವರ್ ಇದೆ. ಹತ್ತೋವಾಗ ಕೆಳಗೆ ನೋಡ್ಬೇಡಿ, ಮೇಲೆ ಹೋದ್ಮೇಲೆ ಎಷ್ಟು ಬೇಕಾದ್ರೂ ನೋಡಿ, ಸುತ್ತ ಕಾಡು ಬಿಟ್ರೆ ಏನೂ ಇಲ್ಲ, ಕೆಳಗೆ ಕುಂತಿ ಹೊಳೆ. ಈ ಹೊಳೆಗೇ ಇಲ್ಲೇ ಹತ್ರದಲ್ಲಿ ಡ್ಯಾಮ್ ಕಟ್ಟಿ ಕರೆಂಟ್ ತೆಗೀಬೇಕು ಅಂತ ಹೊರಟಿದ್ರು, 1973ರಲ್ಲಿ ಯೋಜನಾ ಆಯೋಗ ಒಪ್ಪಿಗೇನೂ ಕೊಟ್ಟಿತ್ತು. ಜನರಿಗೆ ವಿಜ್ಞಾನ ತಲುಪಿಸೋ ಸಂಘಟನೆ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್‌ನವ್ರು ಲೆಕ್ಕಾಚಾರ ಇಟ್ಕೊಂಡು ಪ್ರಶ್ನೆ ಕೇಳಿದ್ರು, ಕವಯಿತ್ರಿ ಸುಗತಕುಮಾರಿ ಬೀದಿಗೆ ಇಳಿದ್ರು, ಪಕ್ಷಿತಜ್ಞ ಸಲೀಂ ಅಲಿ ಅಂಥೋರು ದನಿ ಸೇರಿಸಿದ್ರು, ಕೊನೆಗೆ 1983ರಲ್ಲಿ ಯೋಜನೆ ಬಿಟ್ಟು ಮರುವರ್ಷ ನ್ಯಾಷನಲ್ ಪಾರ್ಕ್ ಅಂತ ಘೋಷಣೆ ಮಾಡಿದ್ರು. ಇದನ್ನ ಓದ್ಕೊಂಡು ಹೋಗಿ ಪ್ಲೀಸ್. ಇಲ್ಲಾಂದ್ರೆ ಟವರ್ ಮೇಲೆ ಸೆಲ್ಫಿ ತೆಗೆದು ಇಳೀತೀರಿ ಅಷ್ಟೇ. ಡ್ಯಾಮ್ ಕಟ್ಟಿ ಶರಾವತಿ, ಕಾಳಿ ಕಣಿವೇಲಿ ಏನೇನು ಮುಳುಗ್ತು ಅಂತ ಕೇಳಿ ಬೆಳೆದ ನನಗಂತೂ ಅಲ್ಲಿ ನಿಂತಾಗ ಹೊಟ್ಟೆಕಿಚ್ಚೇ ಆಯ್ತು.

ಬೇಜಾರಿನ ವಿಷ್ಯ ಅಂದ್ರೆ ಟೈಮು. ಸೈರಂಧ್ರೀಲಿ ಸಿಗೋದು ಸ್ವಲ್ಪ ಹೊತ್ತು, ಮುಂದೆ ಕೋರ್ ಕಾಡಿಗೆ ಟೂರಿಸ್ಟ್‌ಗಳನ್ನ ಬಿಡಲ್ಲ. ಕಾಡಿನ ದೃಷ್ಟಿಯಿಂದ ಅದು ಸರಿ ಅಂತ ಗೊತ್ತು, ಆದ್ರೂ ಅಷ್ಟು ದೂರದಿಂದ ಬಂದೋರಿಗೆ ಮನಸ್ಸು ಕೇಳಲ್ಲ. ಇನ್ನೊಂದು, ಗುಂಪು ಸಣ್ಣದಿದ್ರೆ ತಲೆಗೆ ಖರ್ಚು ಜಾಸ್ತಿ ಬೀಳತ್ತೆ, ಜೀಪ್ ತುಂಬೋಷ್ಟು ಜನ ಮಾಡ್ಕೊಂಡ್ರೆ ಒಳ್ಳೇದು, ಬ್ಲೂಟೂತ್ ಸ್ಪೀಕರ್ ತರೋ ಫ್ರೆಂಡ್ಸ್‌ನ ಮಾತ್ರ ದಯವಿಟ್ಟು ಮನೇಲೇ ಬಿಟ್ಟು ಬನ್ನಿ.

ಉಂಬಳ (ರಕ್ತ ಹೀರೋ ಜಿಗಣೆ) ಇದಾವಾ ಅಂತ ಕೇಳೋರಿಗೆ, ಮಲೆನಾಡೋರಿಗೆ ಏನೂ ಅನ್ಸಲ್ಲ, ಬೆಂಗಳೂರಿನವ್ರು ಮಳೆ ಬಿದ್ದ ಮೇಲೆ ಹೋಗ್ತಿದ್ರೆ ಉದ್ದ ಸಾಕ್ಸ್ ಹಾಕ್ಕೊಂಡು ಹೋಗಿ. ಜೋರು ಮಳೆಗಾಲ ಬೇಡ, ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಆರಾಮ. ಒಳಗೆ ಊಟ ಸಿಗತ್ತೆ ಅಂತ ನಂಬ್ಕೋಬೇಡಿ, ಮುಕ್ಕಾಲೀಲೇ ಪುಟ್ಟು ಕಡ್ಲೆ ಕರಿ ಹೊಡ್ಕೊಂಡು ಹತ್ತಿ.

ನನ್ ಕಡೆಯಿಂದ ಐದಕ್ಕೆ ನಾಕು. ಒಂದು ಕಟ್ ಮಾಡಿದ್ದು ಟೈಮಿಗೆ ಮತ್ತೆ ನನ್ ಸೊಂಟಕ್ಕೆ.