ಮೇ ತಿಂಗಳ ಮದುವೆಗೆ ಹೊಳೆಯುವ ಸೀರೆ, ನೆಟ್ ಲೆಹಂಗಾ ಕೊಳ್ಳುವ ಮುಂಚೆ ಇದನ್ನು ಓದಿ

ಲಗ್ನಪತ್ರಿಕೆಯಲ್ಲಿ ಅಕ್ಷತೆಯ ಸಮಯ ಮಧ್ಯಾಹ್ನ 12 ಗಂಟೆ 35 ನಿಮಿಷ ಅಂತ ಅಚ್ಚಾಗಿತ್ತು. ನಮ್ಮ ಕಡೆ ಇದು ಹೊಸದೇನಲ್ಲ, ನಡುಮಧ್ಯಾಹ್ನದ ಅಭಿಜಿನ್ ಮುಹೂರ್ತದ ಮದುವೆಗಳು ಬೇಕಾದಷ್ಟು ನಡೆಯುತ್ತವೆ. ಆದರೆ ಊರು ಕಲಬುರಗಿ, ತಿಂಗಳು ಮೇ. ಬೇಸಿಗೆ ಬಂತೆಂದರೆ ಇಲ್ಲಿ ಸರಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಇಲ್ಲೇ ಹುಟ್ಟಿ ಬೆಳೆದ ನನಗೆ ಈ ಬಿಸಿಲು ಗೊತ್ತಿಲ್ಲದ್ದಲ್ಲ. ಆದರೂ ಬಟ್ಟೆ ಆರಿಸುವಾಗ ಬಿಸಿಲು ನೆನಪಾಗಲಿಲ್ಲ, ಫೋಟೋ ನೆನಪಾಯಿತು. ಅದರ ಕಷ್ಟ ಉಂಡವಳು ನನ್ನ ಆರು ವರ್ಷದ ಮಗಳು. ಈ ಸಲದ ಮದುವೆಗಳಿಗೆ ಬಟ್ಟೆ ತರಲು ಹೊರಟಿರುವ ತಾಯಂದಿರು ಸ್ವಲ್ಪ ಹೊತ್ತು ಕೂತು ಓದಿರಿ ಅಂತ ಬೇಡಿಕೊಳ್ಳುತ್ತೇನೆ.

ಹೋದ ವರ್ಷ ನಮ್ಮ ಕಾಕಾನ ಮಗಳ ಮದುವೆ. ಮನೆಯವರದೇ ಮದುವೆ ಅಂದಮೇಲೆ ಹೊಸ ಸೀರೆ ಬೇಕೇ ಬೇಕು ಅಂತ ಊರೊಳಗಿನ ಒಂದು ದೊಡ್ಡ ಅಂಗಡಿಗೆ ಹೋದೆ. ಹೊರಗೆ ಬೆಂಕಿಯಂಥ ಝಳ, ಒಳಗೆ ಎಸಿ. ಅಂಗಡಿಯ ಹುಡುಗ ಹಸಿರು ಮೈ, ಚಿನ್ನದ ಬಣ್ಣದ ಅಂಚಿನ ಸೀರೆಯೊಂದನ್ನು ಹರವಿದ. ಕೈಗೆ ತಣ್ಣಗೆ, ನುಣ್ಣಗೆ ಹತ್ತಿತು. ‘ಸಾಫ್ಟ್ ಸಿಲ್ಕ್ ಅದರಿ ಅಕ್ಕಾ, ಒಂಚೂರು ಭಾರ ಇಲ್ಲ. ಬ್ಯಾಸಿಗಿಗಿ ಇದೇ ಛಲೋ,’ ಅಂದ. 3,600 ರೂಪಾಯಿ ಕೊಟ್ಟು ತಂದೆ. ಅಲ್ಲಿ ತಣ್ಣಗೆ ಹತ್ತಿದ್ದು ಎಸಿಯ ತಂಪು ಅನ್ನುವುದು ಆಗ ಹೊಳೆಯಲಿಲ್ಲ.

ಅವ್ವ ಸೀರೆಯನ್ನು ಬೆರಳ ನಡುವೆ ತಿಕ್ಕಿ ನೋಡಿದಳು. ‘ಇದರಾಗ ಗಾಳಿ ಆಡಂಗಿಲ್ಲವ್ವ. ನಂದು ನಾರಾಯಣಪೇಟಿ ಸೀರಿ ಅದ, ಅದನ್ನ ಉಟ್ಕೊ,’ ಅಂದಳು. ನಾನು ಕೇಳಲಿಲ್ಲ. ಬೀಗರ ಮುಂದೆ ನೂಲಿನ, ಅಂದರೆ ಹತ್ತಿಯ, ಸೀರೆ ಉಟ್ಟು ನಿಂತರೆ ಏನಂದುಕೊಂಡಾರು ಅನ್ನುವ ಅಂಜಿಕೆ. ಈ ಅಂಜಿಕೆ ನಮ್ಮಲ್ಲಿ ಬಹಳ ಮಂದಿಗೆ ಇದೆ, ಅದಕ್ಕೇ ಮುಚ್ಚಿಡದೆ ಬರೆಯುತ್ತಿದ್ದೇನೆ.

ಜಂಪರ್ (ರವಿಕೆ) ಹೊಲಿಯಲು ಕೊಟ್ಟಾಗ ಮೊಣಕೈತನಕ ತೋಳು, ಒಳಗೆ ಪ್ಯಾಡ್, ಮೈಗೆ ಅಂಟಿ ಕೂರುವ ಹಾಗೆ ಬಿಗಿ ಅಂತ ಹೇಳಿದೆ. ಒಳಗಿನ ಅಸ್ತರ್ ಬಟ್ಟೆ ಯಾವುದು ಹಾಕುತ್ತೀರಿ ಅಂತ ಕೇಳಲಿಲ್ಲ. ಅವರು ಹೊಳಪಿನ ಸ್ಯಾಟಿನ್ ಹಾಕಿದರು. ಸೀರೆಯ ಕೆಳಗೆ ಸೊಂಟದಿಂದ ಕಾಲಿನತನಕ ಬಿಗಿಯುವ ಹೊಸ ನಮೂನೆಯ ಶೇಪ್‌ವೇರ್. ಅಂದರೆ ಮೈಗೆ ಹತ್ತಿದ್ದ ಒಂದೊಂದು ಪದರವೂ ಪ್ಲಾಸ್ಟಿಕ್ ನೂಲೇ.

ಮಗಳಿಗೆ ನೆಟ್ ಲೆಹಂಗಾ. ಒಳಗೆ ಉಬ್ಬಲಿ ಅಂತ ಕ್ಯಾನ್‌ಕ್ಯಾನ್, ಕೊರಳಿಗೆ ಮಿಂಚಿನ ಕಲ್ಲು. ಹಾಕಿ ತೋರಿಸಿದಾಗ ಮನೆಮಂದಿಯೆಲ್ಲ ‘ರಾಜಕುಮಾರಿ’ ಅಂದರು. ಐದು ನಿಮಿಷಕ್ಕೆ ಅವಳು ‘ಚುಚ್ಚಲತ್ತದ’ ಅಂದಳು. ಹೊಸದು, ಹಾಕಿಕೊಂಡರೆ ಸರಿಹೋಗುತ್ತದೆ ಅಂದೆ.

ಮದುವೆಯ ದಿನ ಫೋನಿನಲ್ಲಿ 43 ಡಿಗ್ರಿ ತೋರಿಸುತ್ತಿತ್ತು. ಸೇಡಂ ರಸ್ತೆಯ ಕಲ್ಯಾಣ ಮಂಟಪ. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಕೂಲರುಗಳಿದ್ದವು, ಆದರೆ ಎಲ್ಲವೂ ವೇದಿಕೆಯ ಕಡೆ ಮುಖ ಮಾಡಿದ್ದವು. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಊರಿನ ಬಿಸಿಲು ಒಣಬಿಸಿಲು, ಒಣ ಹವೆಯಲ್ಲಿ ಬೆವರು ಬೇಗ ಆರಿ ಮೈಯನ್ನು ತಂಪು ಮಾಡುತ್ತದೆ. ಸಾವಿರ ಜನ ತುಂಬಿ, ನೀರಿನ ಕೂಲರ್ ತಿರುಗುವ ಮುಚ್ಚಿದ ಹಾಲಿನೊಳಗೆ ಹವೆ ಒಣಗಿರುವುದಿಲ್ಲ, ಹಸಿಯಾಗುತ್ತದೆ. ಬೆವರು ಆರುವುದಿಲ್ಲ. ಅದರ ಮೇಲೆ ಬೆವರನ್ನು ಹೀರದ ಬಟ್ಟೆ ಹಾಕಿಕೊಂಡರೆ ಮೈಯ ಬಿಸಿ ಹೊರಗೆ ಹೋಗಲು ದಾರಿಯೇ ಉಳಿಯುವುದಿಲ್ಲ.

ಹನ್ನೊಂದರ ಹೊತ್ತಿಗೇ ಬೆನ್ನ ಮೇಲೆ ಬೆವರು ಹರಿದು ಸೊಂಟದ ಪಟ್ಟಿಯಲ್ಲಿ ನಿಲ್ಲತೊಡಗಿತು. ನಿರಿಗೆ ಕಾಲಿಗೆ ಅಂಟಿ ಹೆಜ್ಜೆ ತೊಡಕುತ್ತಿತ್ತು. ಅಕ್ಷತೆ ಮುಗಿದ ಕೂಡಲೇ ವೇದಿಕೆಯ ಮೇಲೆ ಫೋಟೋಕ್ಕೆ ಸಾಲು. ಮುಕ್ಕಾಲು ತಾಸು ದೀಪಗಳ ಕೆಳಗೆ ನಿಂತೆವು. ಮಗಳು ಕೊರಳು ಕೆರೆದುಕೊಳ್ಳುತ್ತ ‘ಅವ್ವಾ, ಬಿಚ್ಚಿಬಿಡು’ ಅಂತ ಅಳುತ್ತಿದ್ದಳು. ‘ಫೋಟೋ ಒಂದು ಆಗಲಿ, ತಡಿ’ ಅಂತ ಗದರಿದೆ. ಎರಡು ಸಲ ಗದರಿದೆ. ಆಮೇಲೆ ಅವಳು ಅಳುವುದನ್ನು ನಿಲ್ಲಿಸಿದಳು. ಜಾಣೆ, ಸುಮ್ಮನಾದಳು ಅಂದುಕೊಂಡೆ.

ಅವಳು ಸುಮ್ಮನಾಗಿದ್ದಲ್ಲ, ಸೋತಿದ್ದಳು. ಮುಖ ಕೆಂಪಗೆ, ಕಣ್ಣು ಅರೆಮುಚ್ಚಿ, ನನ್ನ ಕಾಲಿಗೆ ಒರಗಿ ನಿಂತಿದ್ದಳು. ವೇದಿಕೆ ಇಳಿಯುವಷ್ಟರಲ್ಲಿ ವಾಂತಿ ಮಾಡಿಕೊಂಡಳು. ನನಗೂ ತಲೆ ಸಿಡಿಯುತ್ತಿತ್ತು, ಕಣ್ಣು ಕತ್ತಲೆಗಟ್ಟುತ್ತಿತ್ತು, ಎತ್ತಿಕೊಳ್ಳಲು ಕೈಯಲ್ಲಿ ಬಲ ಇರಲಿಲ್ಲ. ದೂರದಿಂದ ನೋಡಿದ ಅವ್ವ ಓಡಿ ಬಂದು ಕೂಸನ್ನು ಎತ್ತಿಕೊಂಡು ಮದುಮಗಳ ಕೋಣೆಗೆ ಹೋದಳು. ಲೆಹಂಗಾದ ಝಿಪ್ ಬೆವರಿಗೆ ಸಿಕ್ಕಿಕೊಂಡಿತ್ತು. ‘ಕತ್ರಿ ತಗೋ ವೈನಿ’ ಅಂತ ನಮ್ಮ ಅತ್ತಿಗೆಗೆ ನಾನು ಕೂಗಿದ್ದು ನೆನಪಿದೆ. ಕತ್ತರಿಸಿಯೇ ತೆಗೆದೆವು. ಕೊರಳು, ಕಂಕುಳು, ಸೊಂಟದ ಸುತ್ತ ಚರ್ಮ ಕೆಂಡದಂತೆ ಕೆಂಪಾಗಿತ್ತು.

ಬೀಗರ ಕಡೆಯ ಒಬ್ಬರು ನರ್ಸ್ ಆಗಿದ್ದರು, ದೇವರು ಕಳಿಸಿದ ಹಾಗೆ ಬಂದರು. ಪಂಚೆಯನ್ನು ನೀರಲ್ಲಿ ಅದ್ದಿ ಮೈತುಂಬ ಹೊದಿಸಿ, ಕೊರಳು, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಹಾಕಿಸಿದರು. ಎಚ್ಚರ ಇದ್ದುದರಿಂದ ಓಆರ್‌ಎಸ್ ನೀರನ್ನು ಚಮಚೆ ಚಮಚೆಯಾಗಿ ಕುಡಿಸಿದರು. ‘ಮಾತಾಡಿಸಿದ್ರ ಮಾತಾಡಲತ್ತಾಳ, ಅದಕ್ಕ ಇಲ್ಲೇ ನೋಡ್ಲತ್ತೀವಿ. ಏನರ ತಡಬಡಿಸಿ ಮಾತಾಡಿದ್ರ, ಎಚ್ಚರ ತಪ್ಪಿದ್ರ, ಬಾಯಾಗ ನೀರು ಹಾಕಬ್ಯಾಡ್ರಿ. ಸೀದಾ 108ಕ್ಕ ಫೋನ್ ಮಾಡ್ರಿ, ಗಾಡಿ ಬರೂತನಾ ಮೈಗಿ ನೀರು ಹಾಕೋದು ನಿಲ್ಲಿಸಬ್ಯಾಡ್ರಿ,’ ಅಂತ ನನಗೆ ತಿಳಿಸಿ ಹೇಳಿದರು. ಈ ಮಾತನ್ನು ಮಕ್ಕಳಿರುವವರೆಲ್ಲ ಬಾಯಿಪಾಠ ಮಾಡಿಕೊಳ್ಳಿ. ನಾಲ್ಕರ ಹೊತ್ತಿಗೆ ಮಗಳು ಮಜ್ಜಿಗೆ ಕೇಳಿದಳು. ಬೆವರುಗುಳ್ಳೆ ಮಾಯಲು ಹತ್ತು ದಿನ ಬೇಕಾಯಿತು.

ಮನೆಗೆ ಬಂದಮೇಲೆ ನನ್ನ ಸೀರೆಯ ಕುಚ್ಚಿನಿಂದ ಎರಡು ಎಳೆ ತೆಗೆದು ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿದೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು, ಎಳೆ ಕರಗಿ ಗಟ್ಟಿ ಮಣಿಯಾಯಿತು. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಿಗೆ ಪುಡಿಯಾಗುತ್ತದೆ. ಹತ್ತಿಯಾಗಿದ್ದರೆ ಕಾಗದ ಸುಟ್ಟ ವಾಸನೆ. ‘ಸಾಫ್ಟ್ ಸಿಲ್ಕ್’ ಅನ್ನುವ ಹೆಸರಲ್ಲಿ ನಿಜವಾದ ರೇಷ್ಮೆಯೂ ಸಿಗುತ್ತದೆ, ಅಪ್ಪಟ ಪಾಲಿಯೆಸ್ಟರೂ ಸಿಗುತ್ತದೆ. ‘ಸೆಮಿ’, ‘ಆರ್ಟ್’ ಅನ್ನುವ ಮಾತು ಮುಂದೆ ಹತ್ತಿದ್ದರಂತೂ ಏನಿದೆ ಅಂತ ಕೇಳಲೇಬೇಕು. ಸುಟ್ಟು ನೋಡುವುದಾದರೆ ಹಾಸಿನದೊಂದು (ಉದ್ದದ್ದು), ಹೊಕ್ಕಿನದೊಂದು (ಅಡ್ಡದ್ದು) ಎಳೆ ತೆಗೆಯಿರಿ, ಯಾಕೆಂದರೆ ಒಂದು ಕಡೆ ರೇಷ್ಮೆ, ಇನ್ನೊಂದು ಕಡೆ ಪಾಲಿಯೆಸ್ಟರ್ ಹಾಕಿ ನೇಯ್ದದ್ದೂ ಇರುತ್ತದೆ. ಅಂಗಡಿಯಲ್ಲಿ ಇದನ್ನೆಲ್ಲ ಮಾಡಲು ಆಗದಿದ್ದರೆ ಅಪ್ಪಟ ರೇಷ್ಮೆ ಅಂತ ಖಾತ್ರಿ ಕೊಡುವ ಸಿಲ್ಕ್ ಮಾರ್ಕ್ ಚೀಟಿ ಕೇಳಿ, ಬಿಲ್ಲಿನಲ್ಲಿ ಯಾವ ನೂಲು ಅಂತ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ನಿಮಗೆ ಉತ್ತರ ಸಿಕ್ಕಿತು.

ಬಟ್ಟೆಯ ಲೆಕ್ಕ ಹೀಗಿದೆ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು ನೂರಕ್ಕೆ 8 ಪಾಲು ತೇವ ಹಿಡಿಯುತ್ತದೆ, ರೇಷ್ಮೆ ಸುಮಾರು 11 ಪಾಲು. ಪಾಲಿಯೆಸ್ಟರ್ ಅರ್ಧ ಪಾಲನ್ನೂ ಹಿಡಿಯುವುದಿಲ್ಲ. ನನ್ನ ಬೆನ್ನ ಮೇಲೆ ಬೆವರು ಯಾಕೆ ಹರಿಯಿತು, ಅಂದು ಅವ್ವ ಉಟ್ಟಿದ್ದ ನೂಲಿನ ಸೀರೆ ಯಾಕೆ ಒದ್ದೆಯಾಗಿ ಮತ್ತೆ ಒಣಗಿತು ಅನ್ನುವುದಕ್ಕೆ ಇಷ್ಟೇ ಕಾರಣ. ಇನ್ನೊಂದು ಭಯ ನನ್ನನ್ನು ಈಗಲೂ ಕಾಡುತ್ತದೆ. ಅಂದು ಅದೇ ನೆಟ್ಟಿನ ಲೆಹಂಗಾ ಹಾಕಿಕೊಂಡು ಮಗಳು ಆರತಿ ತಟ್ಟೆಯ ಪಕ್ಕ ನಿಂತಿದ್ದಳು. ಪಾಲಿಯೆಸ್ಟರ್, ನೈಲಾನ್ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತವೆ.

ಹಾಗಂತ ಭಾರೀ ಜರಿಯ ರೇಷ್ಮೆ ಸೀರೆ ಉಟ್ಟರೆ ಎಲ್ಲ ಸರಿಹೋಗುತ್ತದೆ ಅಂತಲ್ಲ. ರೇಷ್ಮೆ ಬೆವರು ಹೀರಿದರೂ ಒತ್ತಾದ ನೇಯ್ಗೆ, ಅಗಲ ಜರಿಯಂಚು ಮಧ್ಯಾಹ್ನದ ಹೊತ್ತಿಗೆ ಕಂಬಳಿಯಾಗುತ್ತದೆ. ಅದನ್ನು ರಾತ್ರಿಯ ಆರತಕ್ಷತೆಗೆ ಇಟ್ಟುಕೊಳ್ಳಿ. ಬೀದರಿನಲ್ಲಾದರೆ ಊರು ಎತ್ತರದಲ್ಲಿದೆ, ಸಂಜೆಗೆ ಸ್ವಲ್ಪ ತಂಗಾಳಿ ಬೀಸೀತು. ಕಲಬುರಗಿ, ಯಾದಗಿರಿಯಲ್ಲಿ ಆ ಆಸೆ ಬೇಡ.

ಮಧ್ಯಾಹ್ನದ ಮದುವೆಗೆ ಚೆಂದದ ಸೀರೆ ಹುಡುಕಿ ದೂರ ಹೋಗಬೇಕಾಗಿಲ್ಲ. ನಾರಾಯಣಪೇಟೆ ನಮ್ಮ ಯಾದಗಿರಿಯ ಗಡಿ ದಾಟಿದರೆ ಸಿಗುವ ಊರು. ಅಲ್ಲಿಯ ನೂಲಿನ ಸೀರೆ, ಮೈತುಂಬ ಸಣ್ಣ ಚೌಕಳಿ, ಎದ್ದು ಕಾಣುವ ಅಂಚು, ಉಟ್ಟರೆ ಲಕ್ಷಣವಾಗಿ ಕೂರುತ್ತದೆ. ಇಳಕಲ್ ಸೀರೆಯಾದರೆ ನೂಲಿನ ಮೈ, ಕೆಂಪು ಬಿಳಿಯ ತೋಪ ತೆನಿ ಸೆರಗು. ಅದಕ್ಕಿಂತ ಮದುವೆಯ ಕಳೆ ಬೇರೆ ಏನು ಬೇಕು ಅಂತ ಈಗ ಅನಿಸುತ್ತದೆ. ಆದರೆ ಇಳಕಲ್ ಹೆಸರಲ್ಲಿ ಪವರ್‌ಲೂಮಿನ ಪಾಲಿಯೆಸ್ಟರೂ ಬಂದಿದೆ, ಅಲ್ಲಿಯೂ ಕೇಳಿಯೇ ಕೊಳ್ಳಿ. ಜಂಪರಿಗೆ ಹತ್ತಿಯ ರುಬಿಯಾ ಬಟ್ಟೆ, ಅಸ್ತರ್ ಬೇಕೇ ಬೇಕೆಂದರೆ ತೆಳ್ಳನೆಯ ಹತ್ತಿಯದು, ಕಂಕುಳಲ್ಲಿ ಎರಡು ಬೆರಳು ಆಡುವಷ್ಟು ಸಡಿಲ. ಕೆಳಗೆ ನೂಲಿನ ಲಂಗ. ಹೊಸದನ್ನೆಲ್ಲ ಒಂದು ಸಲ ಒಗೆದು ಗಂಜಿ ಬಿಡಿಸಿ ಉಡಿ, ಗಂಜಿ ಇದ್ದರೆ ಹತ್ತಿಯೂ ಬೇಗ ಬೆವರು ಹೀರುವುದಿಲ್ಲ.

ಗಂಡಸರಿಗೆ ಹೇಳುವುದು ಸ್ವಲ್ಪವೇ. ನಮ್ಮ ಮನೆಯವರು ಕೋಟು ಹಾಕಿದವರು ಹತ್ತು ನಿಮಿಷಕ್ಕೆ ತೆಗೆದು ಕೈಯಲ್ಲಿ ಹಿಡಿದು ತಿರುಗಿದರು. ಧೋತ್ರ, ನೆಹರು ಶರ್ಟ್, ಹೆಗಲ ಮೇಲೆ ಟವಲ್ ಹಾಕಿದ್ದ ಕಾಕಾ ಸಂಜೆಯತನಕ ಅದೇ ಕಳೆಯಲ್ಲಿ ಓಡಾಡಿದರು.

ಚಪ್ಪಲಿ ಬಗ್ಗೆಯೂ ಒಂದು ಮಾತು. ಮಂಟಪದ ಅಂಗಳಕ್ಕೆ ಹಾಸಿದ್ದು ಶಹಾಬಾದ ಫರಸಿ ಕಲ್ಲು, ಬಿಸಿಲಿಗೆ ಕಾದಿತ್ತು. ಒಳಗಿನಿಂದ ಊಟದ ಶೆಡ್ಡಿಗೆ ಬರಿಗಾಲಲ್ಲಿ ದಾಟಿದ ಮಕ್ಕಳು ಕುಣಿದುಕೊಂಡೇ ದಾಟಿದರು. ಚಪ್ಪಲಿಯನ್ನು ನೆರಳಲ್ಲಿ ಬಿಡಿ, ಮಕ್ಕಳದನ್ನು ಚೀಲದಲ್ಲಿ ಹಾಕಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಅದೇ ಚೀಲದಲ್ಲಿ ಮಕ್ಕಳಿಗೆ ಒಂದು ಜೊತೆ ಹಳೆಯ ಹತ್ತಿ ಬಟ್ಟೆ ಇರಲಿ. ಫೋಟೋ ಮೊದಲೇ ತೆಗೆಸಿ, ಅಥವಾ ಬಿಡಿ.

ಈ ವರ್ಷ ಮಗಳಿಗೆ ಖಣದ ಬಟ್ಟೆಯಲ್ಲಿ ಪರಕಾರ, ಪೋಲಕಾ (ಲಂಗ, ರವಿಕೆ) ಹೊಲಿಸಿದ್ದೇನೆ. ಹತ್ತಿಯ ಖಣವೇ ಬೇಕು ಅಂತ ಎರಡು ಅಂಗಡಿ ತಿರುಗಿದೆ, ಯಾಕೆಂದರೆ ಖಣದಲ್ಲೂ ಪಾಲಿಯೆಸ್ಟರ್ ಸೇರಿದ್ದು ಬರುತ್ತದೆ. ಒಳಗಿನ ಹೊಲಿಗೆಯನ್ನು ನನ್ನ ಕೊರಳಿಗೆ ಒಂದು ನಿಮಿಷ ತಿಕ್ಕಿ ನೋಡಿ, ಚುಚ್ಚದಿದ್ದ ಮೇಲೆ ಅವಳಿಗೆ ಹಾಕಿದೆ.

ಹೋದ ವಾರ ಪಕ್ಕದ ಮನೆಯವರು ಬಂದಿದ್ದರು. ಅವರ ಮೊಮ್ಮಗಳಿಗೆ ಯಾದಗಿರಿಯಲ್ಲಿ ಮದುವೆ ಊಟ ಇದೆಯಂತೆ. ‘ನಿಮ್ಮ ಸಣ್ಣಾಕಿಂದು ಆ ಲೆಹಂಗಾ ಅದಲ್ಲರೀ, ಝಿಪ್ ಹಚ್ಚಿಸ್ಕೋತೀವಿ, ಕೊಡ್ರಿ,’ ಅಂದರು. ಒಳಗೆ ಹೋಗಿ ತಂದೆ. ಕೊಡಲಿಲ್ಲ. ಅದರ ಒಳಮೈಯನ್ನು ತಿರುವಿ ಅವರ ಮುಂಗೈ ಒಳಭಾಗಕ್ಕೆ ಹಚ್ಚಿ ತಿಕ್ಕಿದೆ. ಕೈ ಹಿಂದೆಳೆದುಕೊಂಡರು. ಖಣದ ಬಟ್ಟೆ ಎಲ್ಲಿ ಸಿಕ್ಕಿತು ಅಂತ ಕೇಳಿಕೊಂಡು ಹೋದರು.