ಬ್ಲೂನಾ, ಲ್ಯಾವೆಂಡರಾ? ಶಿಡ್ಲಘಟ್ಟದ ಹಿತ್ತಲಲ್ಲಿ ಎರಡನ್ನೂ ಸಾಕಿ ನೋಡಿದ್ದು

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಬ್ಲೂಗೆ. ಕೊಚಿನ್ ಬ್ಯಾಂಟಮ್ ಅನ್ನೋ ಕಾಲಿಗೂ ಪುಕ್ಕ ಇರೋ ಗಿಡ್ಡ ಅಲಂಕಾರಿಕ ತಳಿಯಲ್ಲಿ ಬೂದುನೀಲಿ ಬಣ್ಣದ ಕೋಳಿ ಬೇಕು, ಅದೂ ಕೋಳಿ ಶೋಗೆ ಇಡೋ ಮಟ್ಟದ್ದು ಬೇಕು ಅನ್ನೋರ ಮುಂದೆ ಈ ಎರಡು ದಾರಿ ಇವೆ. ದೂರದಿಂದ ನೋಡಿದರೆ ಎರಡೂ ಅಣ್ಣತಮ್ಮಂದಿರೇ. ಮರಿ ತೆಗೆಯೋಕೆ ಕೂತಾಗ ಮಾತ್ರ ಲೆಕ್ಕ ಪೂರಾ ಬೇರೆ.

ಕಾಗದದ ಮೇಲೆ ಲ್ಯಾವೆಂಡರೇ ಸುಲಭ. ಅಪ್ಪ, ಅಮ್ಮ ಎರಡೂ ಲ್ಯಾವೆಂಡರ್ ಆದರೆ ಮರಿಗಳೆಲ್ಲ ಲ್ಯಾವೆಂಡರ್. ಮಾರೋರು ಇದನ್ನೇ ಹೇಳಿ, ಬ್ಲೂ ಜೋಡಿಗಿಂತ ಜಾಸ್ತಿ ರೇಟು ಹೇಳ್ತಾರೆ. ಬ್ಲೂ ಹಾಗಲ್ಲ. ಆ ಬಣ್ಣದ ಜೀನ್ ಅಪ್ಪ, ಅಮ್ಮನಲ್ಲಿ ಒಂದರಿಂದ ಮಾತ್ರ ಬಂದರೆ ಬ್ಲೂ, ಎರಡರಿಂದಲೂ ಬಂದರೆ ಬಿಳಿಚಿದ ಮೈಮೇಲೆ ನೀಲಿ ಕಲೆಯ ಸ್ಪ್ಲ್ಯಾಷ್, ಬರದೇ ಇದ್ದರೆ ಕಪ್ಪು. ಬ್ಲೂಗೆ ಬ್ಲೂ ಜೋಡಿ ಮಾಡಿದರೆ ಸರಾಸರಿ ಅರ್ಧ ಮರಿ ಬ್ಲೂ, ಕಾಲು ಭಾಗ ಕಪ್ಪು, ಕಾಲು ಭಾಗ ಸ್ಪ್ಲ್ಯಾಷ್. 20ನೇ ಶತಮಾನದ ಶುರುವಿನಲ್ಲಿ ತಳಿವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನೆಟ್ ಇಂಗ್ಲೆಂಡಿನಲ್ಲಿ ಆಂಡಲೂಸಿಯನ್ ಅನ್ನೋ ತಳಿಯ ಕೋಳಿ ಇಟ್ಟುಕೊಂಡು ಬಿಡಿಸಿದ ಲೆಕ್ಕ ಇದೇ. ಹಾಗಂತ ಅರ್ಧ ಮರಿ ದಂಡ ಅಂತ ಕೈಚೆಲ್ಲಬೇಕಿಲ್ಲ. ಕಪ್ಪು ಹುಂಜಕ್ಕೆ ಸ್ಪ್ಲ್ಯಾಷ್ ಹೇಂಟೆ ಬಿಟ್ಟರೆ ಮರಿಗಳೆಲ್ಲ ಬ್ಲೂ. ನಾನು ಮಾಡಿದ್ದು ಅದೇ.

ಈಗ ಲ್ಯಾವೆಂಡರಿನ ಬಾಲದ ಕಥೆ.

ಮರಿಯಲ್ಲಿ ಏನೂ ಗೊತ್ತಾಗಲ್ಲ. ಪುಕ್ಕ ಬರೋದು ಕೊಂಚ ನಿಧಾನ ಅನ್ನಿಸುತ್ತೆ, ಅಷ್ಟೇ. ಬಲಿತ ಮೇಲೆ ನೋಡಿದರೆ ಬಾಲದ ಗರಿ, ರೆಕ್ಕೆಯ ತುದಿ ಎಲ್ಲ ಸವೆದ ಪೊರಕೆ. ಗರಿಯ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿರುತ್ತವೆ, ಒಂದಕ್ಕೊಂದು ಸಿಕ್ಕಿಕೊಂಡರೆ ಮಾತ್ರ ಗರಿ ಒಂದಾಗಿ ನಿಲ್ಲುತ್ತೆ. ಈ ಕೋಳಿಗಳಲ್ಲಿ ಅದು ನಿಲ್ಲದೆ ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತೆ. ಮೈಬಣ್ಣ ನೋಡಿದರೆ ಕೈ ಮುಗಿಯಬೇಕು, ಹಿಂದೆ ತಿರುಗಿದರೆ ಮುಖ ಮುಚ್ಚಿಕೊಳ್ಳಬೇಕು.

ಹೇನು ಇರಬೇಕು ಅಂದರು. ರೆಕ್ಕೆ ಬಿಡಿಸಿ, ಬುಡ ಎಲ್ಲ ಹುಡುಕಿದೆ, ಇರಲಿಲ್ಲ. ಜಾಲರಿಗೆ ಉಜ್ಜಿ ಹಾಳಾಗಿದೆ ಅಂದರು. ಗೂಡು ಬದಲಾಯಿಸಿದೆ. ಪಕ್ಕದ ಬೀದಿಯಲ್ಲಿ ಫಿಲೇಚರ್, ಅಂದರೆ ರೇಷ್ಮೆ ನೂಲು ಬಿಚ್ಚೋ ಘಟಕ, ನಡೆಸೋರು, "ಅಣ್ಣಾ, ಪ್ರೋಟೀನ್ ಸಾಲ್ತಿಲ್ಲ, ಪ್ಯೂಪಾ ಹಾಕಿ ನೋಡಿ" ಅಂದರು. ಮಾತು ಸುಳ್ಳಲ್ಲ. ಗರಿಯ ಬಹುಪಾಲು ಪ್ರೋಟೀನೇ, ನೂಲು ಬಿಚ್ಚಿದ ಮೇಲೆ ರೇಷ್ಮೆಗೂಡಿನೊಳಗೆ ಉಳಿಯೋ ಹುಳುವೇ ಪ್ಯೂಪಾ, ಅದನ್ನ ಒಣಗಿಸಿದರೆ ಅದರಲ್ಲೂ ಅರ್ಧದಷ್ಟು ಪ್ರೋಟೀನೇ ಇರುತ್ತೆ. ನಮ್ಮೂರಲ್ಲಿ ಅದಕ್ಕೆ ಬರವೂ ಇಲ್ಲ. ರಾಗಿ, ನುಚ್ಚಿನ ಜೊತೆ ಕಲಸಿ ಹಾಕಿದೆ. ಆ ವಾಸನೆಗೆ ಮನೆಯಲ್ಲಿ ಆದ ರಾಮಾಯಣ ಇಲ್ಲಿ ಬೇಡ. ಅದೇ ಹಿತ್ತಲಲ್ಲಿ ಅದನ್ನೇ ತಿಂದ ಬ್ಲೂಗಳ ಗರಿ ಮಿಂಚಿತು. ಲ್ಯಾವೆಂಡರುಗಳು ಗರಿ ಉದುರಿಸಿ ಹೊಸದು ಹಾಕಿದವು, ಹೊಸದೂ ಹಾಗೇ ಬಂತು.

ಆಗ ಖಾತ್ರಿಯಾಯಿತು, ಇದು ಫೀಡಿನ ದೋಷ ಅಲ್ಲ, ತಳಿಯದು. ಲ್ಯಾವೆಂಡರಿಗೆ ಲ್ಯಾವೆಂಡರನ್ನೇ ಬಿಡ್ತಾ ಹೋದ ಸಾಲುಗಳಲ್ಲಿ ಈ ಕಾಟ ಜಾಸ್ತಿ ಅಂತ ತಳಿ ಮಾಡೋರೆಲ್ಲ ಹೇಳ್ತಾರೆ. ಮದ್ದು ಇದೆ: ಗಟ್ಟಿ ಬಾಲದ ಕಪ್ಪು ಹುಂಜಕ್ಕೆ ಬಿಡಬೇಕು. ಆದರೆ ಮೊದಲ ಸುತ್ತಿನ ಮರಿಗಳೆಲ್ಲ ಕಪ್ಪು, ಬಣ್ಣ ಒಳಗೆ ಅಡಗಿರುತ್ತೆ. ಅವನ್ನು ಮತ್ತೆ ಲ್ಯಾವೆಂಡರಿಗೆ ಬಿಟ್ಟರೆ ಅರ್ಧ ಲ್ಯಾವೆಂಡರ್, ಅದರಲ್ಲಿ ಬಾಲ ಸರಿ ಇರೋದನ್ನ ಹೆಕ್ಕಬೇಕು. ಅಷ್ಟರಲ್ಲಿ ಎರಡು ತಲೆಮಾರು ಕಾಳು ತಿಂದಿರುತ್ತವೆ. ಮಧ್ಯದ ಕಪ್ಪು ಕೋಳಿಗಳನ್ನ ಯಾರಿಗೆ ಮಾರೋದು? ಅಪ್ಪಟ ಕಪ್ಪು ಅಂತ ಹೇಳೋಕೆ ಮನಸ್ಸು ಬರಲ್ಲ, ಲ್ಯಾವೆಂಡರ್ ಒಳಗಿದೆ ಅಂದರೆ ಯಾರೂ ನಂಬಲ್ಲ, ಹೊಸತೊಡಕಿಗೆ ಕೊಯ್ದರೆ ಒಂದು ಮನೆ ಸಾರಿಗೂ ಸಾಲಲ್ಲ.

ಬಣ್ಣದ ಸಮತೆಯಲ್ಲಿ ಲ್ಯಾವೆಂಡರನ್ನ ಬ್ಲೂ ಮುಟ್ಟೋಕಾಗಲ್ಲ, ಒಪ್ಪಿದೆ. ಹುಂಜ, ಹೇಂಟೆ ಎರಡೂ ತಲೆಯಿಂದ ಕಾಲಿನ ಪುಕ್ಕದವರೆಗೆ ಒಂದೇ ಛಾಯೆ. ಬಣ್ಣದ ಕಣಗಳು ಗರಿಯಲ್ಲಿ ಸರಿಯಾಗಿ ಹರಡದಂತೆ ಮಾಡೋದು ಮೆಲನೋಫಿಲಿನ್ ಅನ್ನೋ ಜೀನಿನ ಬದಲಾವಣೆ, 2008ರಲ್ಲಿ ಪತ್ತೆಯಾಗಿದ್ದು. ಅದು ಕಪ್ಪನ್ನೂ ತಿಳಿ ಮಾಡುತ್ತೆ, ಕೆಂಪನ್ನೂ ತಿಳಿ ಮಾಡುತ್ತೆ.

ಬ್ಲೂ ಜೀನ್ ಕಪ್ಪನ್ನಷ್ಟೇ ತಿಳಿ ಮಾಡೋದು. ಅದಕ್ಕೇ ಕಪ್ಪು ಹುಂಜವನ್ನ ಬಿಸಿಲಿಗೆ ಹಿಡಿದು ಕತ್ತಿನ ಗರಿ ಬಿಡಿಸಿ ನೋಡಿ. ಒಂದು ಕೆಂಪು ಎಳೆ ಕಂಡರೂ ಬೇಡ, ನಾಳೆ ಬ್ಲೂ ಹುಂಜದ ಕತ್ತಿನಲ್ಲಿ ಅದು ಹಿತ್ತಾಳೆಯಾಗಿ ಎದ್ದು ಕಾಣುತ್ತೆ. ಬ್ಲೂ ಹುಂಜದ ಕತ್ತು, ಬೆನ್ನು ಕಡುವಾಗಿರೋದು ಸಹಜ, ದೋಷ ಅಲ್ಲ. ಹೇಂಟೆಯಲ್ಲಿ ಪ್ರತಿ ಗರಿಯ ಅಂಚಿಗೆ ಕಡುನೀಲಿ ಗೆರೆ ನೋಡಬೇಕು. ಆ ಗೆರೆ ಹೇಗಿದೆ ಅಂತ ಸ್ಪ್ಲ್ಯಾಷ್ ಮೈಮೇಲೆ ತಿಳಿಯಲ್ಲ, ಆದ್ದರಿಂದ ಕಪ್ಪು, ಸ್ಪ್ಲ್ಯಾಷ್ ಜೋಡಿಯನ್ನೇ ನಂಬಿ ಕೂತರೆ ಅಂಚು ಮಸುಕಾಗಬಹುದು. ನಾನು ನಡುನಡುವೆ ಗೆರೆ ಚೆನ್ನಾಗಿರೋ ಬ್ಲೂ ಹೇಂಟೆಯನ್ನ ಬ್ಲೂ ಹುಂಜಕ್ಕೇ ಬಿಡ್ತೀನಿ. ಬಲಿತ ಗರಿ ಬರೋವರೆಗೆ ಯಾವುದನ್ನೂ ಆರಿಸಲ್ಲ.

ಬಿಸಿಲಿಗೆ ಎರಡೂ ಬಣ್ಣ ಕೆಡುತ್ತವೆ. ಶಿವರಾತ್ರಿ ಕಳೆದರೆ ಹೊಂಗೆ ಮರದ ನೆರಳೇ ಗತಿ.

ತಿಳಿ ಬ್ಲೂವನ್ನ ಲ್ಯಾವೆಂಡರ್ ಅಂತ ಅಂಟಿಸೋರೂ ಇದ್ದಾರೆ. ಅನುಮಾನ ಬಂದ ಹುಂಜವನ್ನ ಅಪ್ಪಟ ಕಪ್ಪು ಹೇಂಟೆಗೆ ಬಿಡಿ. ಒಂದೇ ಒಂದು ಬ್ಲೂ ಮರಿ ಬಂದರೂ ಹುಂಜ ಬ್ಲೂ.

ನನ್ನ ಹತ್ತಿರ ಇರೋದು ಮೂರು ಗೂಡು. ಇನ್‌ಕ್ಯುಬೇಟರ್ ಇಲ್ಲ, ಕೊಚಿನ್ ಹೇಂಟೆಗಳೇ ಕಾವಿಗೆ ಕೂರ್ತವೆ. ಕಾಳಿನ ಖರ್ಚು ಸಂಬಳದಿಂದ. ಹೀಗಿರುವಾಗ ಬ್ಲೂ ಸಾಲಿನಲ್ಲಿ ಹುಟ್ಟೋ ಕಪ್ಪೂ ಕೆಲಸಕ್ಕೆ ಬರುತ್ತೆ, ಸ್ಪ್ಲ್ಯಾಷೂ ಬರುತ್ತೆ. ಹತ್ತಾರು ಗೂಡು, ತೋಟದಲ್ಲೇ ಜೋಳ, ಎರಡು ತಲೆಮಾರು ಕಾಯೋ ತಾಳ್ಮೆ ಇರೋರು ಲ್ಯಾವೆಂಡರ್ ಹಿಡೀಬಹುದು, ಆದರೆ ಮರಿ ಫೋಟೋ ನೋಡಿ ಅಡ್ವಾನ್ಸ್ ಕಳಿಸೋ ಬದಲು ಬಲಿತ ಹುಂಜದ ಬಾಲ ಕೈಯಲ್ಲಿ ಬಿಡಿಸಿ ನೋಡಿ ಆಮೇಲೆ ರೇಟು ಮಾತಾಡಲಿ.